ಒಂದೇ ಮನೆತನ, ಎರಡು ಕಾಯಿಲೆ: ನಾನು ವಂಶವೃಕ್ಷ ಬರೆಯುವ ರೀತಿ

"ನಮ್ಮ ಮನ್ಯಾಗ ಯಾರಿಗೂ ಇಂಥಾದ್ದು ಇಲ್ರೀ." ಹುಬ್ಬಳ್ಳಿಯಲ್ಲಿ ಮನೋವೈದ್ಯರ ಜೊತೆ ಆಪ್ತಸಮಾಲೋಚಕಿಯಾಗಿರುವ ನಾನು ಮನೆಯಲ್ಲಿ ಬೇರೆ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ ಅಂತ ಕೇಳಿದರೆ ದಿನಾ ಸಿಗುವ ಉತ್ತರ ಇದು. ಸುಳ್ಳು ಅಂತಲ್ಲ. ಮಗನಿಗೆ ಸ್ಕಿಜೋಫ್ರೇನಿಯಾ ಅಂದರೆ, ಅವನ ಹಾಗೇ ಕಿವಿಯಲ್ಲಿ ದನಿ ಕೇಳಿಸಿಕೊಂಡವರನ್ನಷ್ಟೇ ಅವರು ನೆನಪಿಸಿಕೊಳ್ಳುತ್ತಾರೆ.

ಅದಕ್ಕೆ ನಾನು ಕಾಯಿಲೆಯ ಹೆಸರನ್ನೇ ಎತ್ತುವುದಿಲ್ಲ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಬರೆಯುತ್ತಾ ಒಬ್ಬೊಬ್ಬರ ಬದುಕು ಕೇಳುತ್ತೇನೆ. ಯಾರು ಮನೆ ಬಿಟ್ಟು ಹೋಗಿದ್ದರು? ಯಾರು ನಿದ್ದೆ ಇಲ್ಲದೆ ದಿನಗಟ್ಟಲೆ ಓಡಾಡಿದ್ದರು? ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಗೆರೆಗಳು ಸುತ್ತಿ ಬಂದು ಅದೇ ಅಜ್ಜಿಗೆ ಸೇರುತ್ತವೆ. ರಬ್ಬರ್ ಬೇಕೇ ಬೇಕು!

ಸ್ಕಿಜೋಫ್ರೇನಿಯಾ ಇರುವ ಹುಡುಗನೊಬ್ಬನ ತಾಯಿ, ಹಾವೇರಿ ಕಡೆಯವರು (ವಿವರ ಸ್ವಲ್ಪ ಬದಲಿಸಿದ್ದೇನೆ), ನಾದಿನಿಯ ಬಗ್ಗೆ, "ಅಕಿಗೇನಿಲ್ರೀ, ಭಾಳ ಖರ್ಚಿನಾಕಿ ಅಷ್ಟ" ಅಂದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡಲ್ಲಿ ಓಣಿಗೆಲ್ಲ ಸೀರೆ ಹಂಚಿದ್ದರಂತೆ. ರಾತ್ರಿಯಿಡೀ ಹಾಡು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. "ಧಾರವಾಡದಾಗ ಗುಳಿಗಿ ಕೊಟ್ರು, ಆಗಾಗ ರಕ್ತ ತಗೀತಿದ್ರು. ಈಗ ಆರಾಮ ಅದಾಳ." ರಕ್ತ ಅಂದ ಕೂಡಲೇ ಲಿಥಿಯಂ ಇರಬೇಕು ಅನ್ನಿಸಿತು; ಮನಸ್ಸಿನ ಏರಿಳಿತ ಹಿಡಿದಿಡುವ ಈ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ನೋಡುತ್ತಿರಬೇಕು. ಹಳೇ ಚೀಟಿ ತರಿಸಿದೆ, ಅದೇ. ಬೈಪೋಲಾರ್, ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಕುಸಿಯುವ ಕಾಯಿಲೆ.

ಇದು ಬೇರೆ ಕಾಯಿಲೆ ಅಂತ ಬಿಡುವ ಹಾಗಿಲ್ಲ. 2009ರ ಒಂದು ಅಧ್ಯಯನದಲ್ಲಿ ಸಂಶೋಧಕರು ಸ್ವೀಡನ್ನಿನ 20 ಲಕ್ಷ ಕುಟುಂಬಗಳ ದಾಖಲೆ ನೋಡಿದರು. ಸ್ಕಿಜೋಫ್ರೇನಿಯಾ ಇದ್ದವರ ಒಡಹುಟ್ಟಿದವರಿಗೆ ಅದೇ ಕಾಯಿಲೆಯ ಅಪಾಯ ಸುಮಾರು 9 ಪಟ್ಟು, ಬೈಪೋಲಾರ್ ಅಪಾಯವೂ ಸುಮಾರು 4 ಪಟ್ಟು ಜಾಸ್ತಿ ಇತ್ತು. ಜೀವಕೋಶಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಜೀನ್ ಒಂದಿದೆ, ಸಿಎಸಿಎನ್‌ಎ1ಸಿ ಅಂತ. ಎರಡೂ ಕಾಯಿಲೆಗಳಲ್ಲಿ ಅದರ ಹೆಸರು ಬರುತ್ತದೆ. ಆದರೆ ಅದೊಂದೇ ಅಲ್ಲ, ಇಂಥವು ನೂರಾರು. ಒಂದೊಂದರ ಪಾಲು ತೀರಾ ಸಣ್ಣದು. ಹಾಗಾಗಿ "ರಕ್ತ ಟೆಸ್ಟ್ ಮಾಡಿಸಿ ನೋಡೋಣ್ರೀ" ಅಂದರೆ, ಸುಮ್ನೆ ದುಡ್ಡು ಕಳೀಬೇಡಿ ಅನ್ನುತ್ತೇನೆ.

ಕೊನೆಗೆ ಬರುವುದು ಹುಡುಗನ ತಂಗಿಯ ಮದುವೆಯ ಚಿಂತೆ. "ಅಕಿಗೂ ಬರ್ತದೇನ್ರಿ ಅಕ್ಕಾರ?" ಪಟ್ಟು ಗಿಟ್ಟು ಅಲ್ಲಿ ಹೇಳುವುದಿಲ್ಲ. ಇಂಥ ನೂರು ತಂಗಿಯರಲ್ಲಿ ಸ್ಕಿಜೋಫ್ರೇನಿಯಾ ಬರುವುದು ಸುಮಾರು ಹತ್ತು ಜನಕ್ಕೆ, ತೊಂಬತ್ತು ಜನಕ್ಕೆ ಬರಲ್ಲ ಅನ್ನುತ್ತೇನೆ. ನಿದ್ದೆ ಕೆಟ್ಟರೆ, ಮಾತು ಅತಿಯಾದರೆ ಬೇಗ ಕರೆದುಕೊಂಡು ಬನ್ನಿ ಅನ್ನುತ್ತೇನೆ.

ಹಾಳೆಯಲ್ಲಿ ಹಾವೇರಿಯ ಆ ಹುಡುಗನ ಅತ್ತೆಯ (ತಾಯಿ ಹೇಳಿದ ನಾದಿನಿ) ದುಂಡಿನ ಪಕ್ಕ ಮಾತ್ರೆಯ ಹೆಸರನ್ನೂ ಬರೆದು ಡಾಕ್ಟರಿಗೆ ಕೊಟ್ಟೆ. ಲಿಥಿಯಂ ಒಬ್ಬರಿಗೆ ಒಗ್ಗಿದರೆ ಅದೇ ಮನೆಯ ಬೈಪೋಲಾರ್ ಇರುವ ಇನ್ನೊಬ್ಬರಿಗೂ ಒಗ್ಗುವ ಸಾಧ್ಯತೆ ಜಾಸ್ತಿ. ಹುಡುಗನ ಮನಸ್ಥಿತಿಯಲ್ಲೂ ಅಂಥ ಏರಿಳಿತ ಇದೆಯಾ ಅಂತ ಅವರು ಮತ್ತೆ ಮೊದಲಿಂದ ಕೇಳಲು ಕೂತರು.