ಬಜ್ಜಿ ಕಟ್ಟಿದ ಕರಪತ್ರದಿಂದ ಗೆದ್ದ ಕರಪತ್ರದವರೆಗೆ

ಗೋವಾದ ವಾಸ್ಕೊದಲ್ಲಿರುವ ನಮ್ಮ ಸಂಘದ ಶಾಖೆ, ಜುವಾರಿ ಹೊಳೆಯಾಚೆಯ ಮೂಲ ಸಂಘದಿಂದ ಸದಸ್ಯರ ವೋಟಿನ ಮೇಲೆ ಬೇರೆಯಾಗಿ ಮೂರು ವರ್ಷವಾಯಿತು. ಅದಕ್ಕೆ ಕರಪತ್ರ ಬರೆದವನು ನಾನು. "ಹಾಳಿ ಹಂಚಿದ್ರ ವೋಟ್ ಬೀಳ್ತಾವೇನ್ರೀ ಸರ?" ಎಂದು ನಕ್ಕವರೇ ಈಗ ತಮ್ಮ ಊರಿಗೂ ಒಂದು ಬರೆದುಕೊಡಿ ಅಂತ ಬರುತ್ತಿದ್ದಾರೆ.

ಮೊದಲ ಕರಪತ್ರ ಪೂರ್ತಿ ನೆಲಕಚ್ಚಿತು. ನಾಲ್ಕು ಪುಟ, ಐನೂರು ಪ್ರತಿ, ಕೈಯಿಂದ ಸುಮಾರು ₹4,500. ಮೂಲ ಸಂಘದ ಮೇಲೆ ಹನ್ನೊಂದು ಆರೋಪ, ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು. ಎರಡೇ ದಿನಕ್ಕೆ ಬೈನಾದ ಗಾಡಿಯಲ್ಲಿ ಮಿರ್ಚಿ ಬಜ್ಜಿ ಅದರಲ್ಲೇ ಕಟ್ಟಿಕೊಟ್ಟರು. 'ನಿರಂಕುಶ ಧೋರಣೆ' ಅನ್ನುವಲ್ಲಿ ಎಣ್ಣೆ ಇಳಿದಿತ್ತು. ಆಮೇಲೆ ಗೀಗೀ ಪದ ಕಟ್ಟಿಸಿದೆ. ಚಪ್ಪಾಳೆ ಹೊಡೆದರು, ಬೇರೆಯಾಗೋಣ ಅಂತ ಸಹಿ ಹಾಕಲಿಲ್ಲ.

ದಾರಿ ಸಿಕ್ಕಿದ್ದು ಗೋವಾದ ಜನಮತಗಣನೆಯಿಂದಲೇ. 1967ರ ಜನವರಿ 16. ಹೂವಿನ ಗುರುತು ಅಂದರೆ ಮಹಾರಾಷ್ಟ್ರದಲ್ಲಿ ವಿಲೀನ, ಎರಡೆಲೆ ಅಂದರೆ ಗೋವಾ ಪ್ರತ್ಯೇಕ. ಎರಡೆಲೆ 34,021 ವೋಟಿನಿಂದ ಗೆದ್ದಿತು. ವಿಲೀನ ಬೇಡವೆಂದು ಬರೆದ 'ರಾಷ್ಟ್ರಮತ' ಮರಾಠಿ ಪತ್ರಿಕೆ! ಉದಯ ಭೆಂಬ್ರೆಯವರ 'ಬ್ರಹ್ಮಾಸ್ತ್ರ' ಅಂಕಣ ಬಂದದ್ದೂ ಅದರಲ್ಲೇ. ಮರಾಠಿ ಓದುವವರೇ ವಿಲೀನದ ಕಡೆ ವಾಲಿದ್ದರು, ಅವರನ್ನೇ ಮುಟ್ಟಬೇಕಿತ್ತು. ನಾನೋ, ನಮ್ಮ ಹುಡುಗರಿಗೇ ಬರೆದುಕೊಂಡು ಕೂತಿದ್ದೆ.

ನಮ್ಮಲ್ಲಿ ಮೂಲ ಸಂಘದ ಕಡೆ ವಾಲಿದ್ದವರು ಹಳೇ ಸದಸ್ಯರು, ಹೆಚ್ಚಾಗಿ ವಿಜಯಪುರ-ಬಾಗಲಕೋಟೆ ಕಡೆಯ ಅಜ್ಜ-ಅಜ್ಜಿಯರು. ಮೂರನೇ ಸಲ ಒಂದೇ ಹಾಳೆ, ಒಂದೇ ಬದಿ, ಅವರ ಮಾತಲ್ಲೇ: "ಬಸವಣ್ಣನ ತೊಟ್ಟಿಲಾ ತೂಗಾಕ ಹೊಳಿ ದಾಟಿ ಯಾಕ ಹೋಗಬೇಕ್ರೀ?" ಕೆಳಗೆ ಎರಡೇ ಅಂಕಿ: ನಾವು ವರ್ಷಕ್ಕೆ ಕಳಿಸಿದ ವಂತಿಗೆ, ನಮಗೆ ತಿರುಗಿ ಬಂದದ್ದು. ಬೈಗುಳ ಒಂದೂ ಇಲ್ಲ. ಆಜೀವ ಸದಸ್ಯತ್ವ ಹೋಗುವುದಿಲ್ಲ ಎಂಬ ಸಾಲು ಮಾತ್ರ ದಪ್ಪಗೆ, ಯಾಕೆಂದರೆ ಅಸಲಿ ಹೆದರಿಕೆ ಅದೇ ಆಗಿತ್ತು. ಹೆಸರು ಹಾಕಲಿಲ್ಲ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಜನರನ್ನು ಹುರಿದುಂಬಿಸಿದ ಥಾಮಸ್ ಪೇನ್‌ನ 'ಕಾಮನ್ ಸೆನ್ಸ್' ಕೂಡ ಮೊದಲು ಹೆಸರಿಲ್ಲದೇ ಬಂದದ್ದು. ನನ್ನ ಹೆಸರು ಮರುದಿನವೇ ಚಹಾದಂಗಡಿಯಲ್ಲಿ ಬಯಲಾಯಿತು ಬಿಡಿ.

ಖರ್ಚು ₹700ರ ಒಳಗೆ. ಯಾವ ವಾರ, ಯಾರ ಕೈಯಿಂದ ಹಂಚಿಸಿದೆ ಎಂಬುದನ್ನು ಇಲ್ಲಿ ಹೇಳಲಾರೆ. ಅರ್ಧ ಕೆಲಸ ಅದರಲ್ಲೇ ಇದೆ. ಬಿದ್ದ ವೋಟು ಇನ್ನೂರರ ಆಸುಪಾಸು, ನೂರಾ ನಲವತ್ತರಷ್ಟು ನಮ್ಮವು.

ಪೇನ್‌ಗೂ ಅವನ ಮುದ್ರಕನಿಗೂ ಲಾಭದ ಲೆಕ್ಕದಲ್ಲಿ ಜಗಳವಾಗಿತ್ತಂತೆ. ನನ್ನ ಮುದ್ರಕನಿಗೆ ಆ ಬಜ್ಜಿ ಕರಪತ್ರದ ₹800 ಇನ್ನೂ ಬಾಕಿ. ಹೊಸ ಸಂಘ ಕೊಟ್ಟೀತು ಅಂದುಕೊಂಡಿದ್ದೆ. ಖಜಾಂಚಿ ರಸೀದಿ ಕೇಳುತ್ತಿದ್ದಾರೆ.