ಎರಿ ಮಣ್ಣಿನ ಮೀನಿನ ಹೊಂಡಕ್ಕ ಏನು ಹಾಕ್ಬೇಕು, ಏನು ಹಾಕಬಾರ್ದು

ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದಿ ಬಾಜೂಕ ಮೀನಿನ ಹೊಂಡ ಮಾಡಿದೋರು ಮೊದಲು ಕೇಳೋದು ಒಂದ, ಎಕರೆಗೆ ಸುಣ್ಣ ಎಷ್ಟು ಹಾಕ್ಬೇಕ್ರಿ ಅಂತ. ಹಾಕೋಕಿಂತ ಮೊದಲು ಅಳೀರಿ ಅಂತೀನಿ ನಾನು. ನಮ್ದು ಮಲೆನಾಡಿನ ಹುಳಿ ಮಣ್ಣಲ್ರಿ, ಎರಿ ಭೂಮಿ, ಹೊಂಡ ತೋಡುವಾಗ ಜೆಸಿಬಿ ಬಕೆಟ್‌ನಾಗ ಬಿಳೀ ಸುಣ್ಣದ ಹರಳು ಬರೋದು ನೀವ ನೋಡಿರ್ತೀರಿ, ಪಿಎಚ್ (ಹುಳಿ-ಕ್ಷಾರ ಅಳತಿ, 7 ಅಂದ್ರ ಸಮ, ಮ್ಯಾಲ ಹೋದಂಗ ಕ್ಷಾರ) 8ರ ಮ್ಯಾಲ ಇರೋದು ಇಲ್ಲಿ ಮಾಮೂಲಿ. ಮೊದಲ್ನೇ ವರ್ಷ ನಾನೂ ಯಾರೋ ಹೇಳಿದ್ರಂತ ನಾಕ್ ಚೀಲ ಸುಟ್ಟ ಸುಣ್ಣ ಹೊಡ್ದು ಕುಂತೆ, ಮೂರ್ನೇ ದಿನ ಮಧ್ಯಾಹ್ನ ನೋಡಿದ್ರ ಪಿಎಚ್ 9.4, ಮರಿ ಎಲ್ಲಾ ದಂಡಿಗೆ ಬಂದು ತೇಲಾಡಕತ್ತಿದ್ವು. ಆವತ್ತ ಕಾಲುವಿ ನೀರು ಬಿಟ್ಟಿದ್ರು, ಅದಕ್ಕ ಉಳ್ಕೊಂಡ್ವು.

ಪಿಎಚ್ ಒಂದ್ ಸಲ ನೋಡಿದ್ರ ಸಾಲಂಗಿಲ್ಲ, ಬೆಳಿಗ್ಗೆ 6ಕ್ಕೊಮ್ಮೆ ಮಧ್ಯಾಹ್ನ 3ಕ್ಕೊಮ್ಮೆ ನೋಡ್ರಿ. ಹಗಲೊತ್ತಿನ್ಯಾಗ ಪಾಚಿ ನೀರಾಗಿನ ಕಾರ್ಬನ್ ಡೈಆಕ್ಸೈಡ್ ಎಳ್ಕೊಂತೈತಿ, ಪಿಎಚ್ ಏರ್ತೈತಿ, ರಾತ್ರಿ ಎಲ್ಲಾ ಉಸಿರಾಡಿ ವಾಪಸ್ ಬಿಡ್ತಾವ, ಇಳೀತೈತಿ. ಬೆಳಿಗ್ಗೆ 8ರ ಆಸುಪಾಸು, ಮಧ್ಯಾಹ್ನ 9ರ ಒಳಗ ಇದ್ರ ಸುಣ್ಣದ ಮಾತೇ ಬ್ಯಾಡ. ನೀರು ಯಾವಾಗ್ಲೂ ಮಣ್ಣು ಕಲಸಿದಂಗ ಬಗ್ಗಡ ಇದ್ರ ಸುಣ್ಣ ಅಲ್ಲ, ಜಿಪ್ಸಂ ಬೇಕು. ಅದ್ರಾಗೂ ಕ್ಯಾಲ್ಸಿಯಂ ಐತಿ ಆದ್ರ ಪಿಎಚ್ ಏರ್ಸಂಗಿಲ್ಲ, ತೇಲೋ ಎರಿ ಮಣ್ಣನ್ನ ತಳಕ್ಕ ಕೂಡ್ರಸ್ತೈತಿ. ಮೊದಲು ಒಂದು ಬಕೆಟ್ ನೀರಾಗ ಚೂರು ಕಲಸಿ ರಾತ್ರಿ ಬಿಟ್ಟು ನೋಡ್ರಿ, ತಿಳಿ ಆದ್ರ ಮಾತ್ರ ಹೊಂಡಕ್ಕ ಹಾಕ್ರಿ.

ಲೆಕ್ಕ ಒಂದು ನೆನಪಿಟ್ಕೊಳ್ರಿ, ಒಂದ್ ಎಕರೆ ಹೊಂಡ ಒಂದ್ ಮೀಟರ್ ಆಳ ಅಂದ್ರ ಹತ್ತತ್ರ 40 ಲಕ್ಷ ಲೀಟರ್ ನೀರು. ಅಂದ್ರ ಯಾವ ವಸ್ತು ಆಗ್ಲಿ 1 ಪಿಪಿಎಂ (ಹತ್ತು ಲಕ್ಷದಾಗ ಒಂದು ಪಾಲು) ಬೇಕಂದ್ರ 4 ಕೆಜಿ. ಇದು ಗೊತ್ತಿದ್ರ ಅಂಗಡಿಯೋರು ಹೇಳಿದ್ದನ್ನ ನೀವ ತಾಳೆ ಹಾಕಿ ನೋಡಬಹುದು.

ಈಗ ಗೊಬ್ಬರ. ನೀರಾಗ ಪಾಚಿ, ಪಾಚಿ ತಿನ್ನೋ ಸಣ್ಣ ಹುಳ ಬೆಳೀಬೇಕಂದ್ರ ಮುಖ್ಯ ಕೊರತಿ ರಂಜಕದ್ದು (ಫಾಸ್ಫರಸ್), ಸಾರಜನಕದ್ದಲ್ಲ. ಎರಿ ಮಣ್ಣಾಗ ತಾಪತ್ರಯ ಏನಂದ್ರ, ನೀವು ಸೂಪರ್ ಫಾಸ್ಫೇಟ್ ಕಾಳು ಹಂಗ ಎರಚಿದ್ರ ಸೀದಾ ತಳಕ್ಕ ಹೋಗಿ ಕ್ಯಾಲ್ಸಿಯಂ ಕೂಡ ಗಂಟು ಬಿದ್ದು ಕೆಸರಾಗ ಕುಂತು ಬಿಡ್ತೈತಿ, ಪಾಚಿಗೆ ಸಿಗಂಗಿಲ್ಲ, ನೀವು ರೊಕ್ಕ ಕೆಸರಿಗೆ ಹಾಕ್ದಂಗ. ಅದಕ್ಕ ನಾನು ಎಕರೆಗೆ 5 ಕೆಜಿ ಸೂಪರ್ ತಗೊಂಡು ಹಿಂದಿನ ದಿನ ಸಂಜಿಕಿ ನೀಲಿ ಡ್ರಮ್ಮಿನ್ಯಾಗ ನೆನಿ ಹಾಕ್ತೀನಿ, ಮುಂಜಾನಿ ಕೋಲು ತಗೊಂಡು ಚಲೋತ್ನ್ಯಾಗ ತಿರುವಿ, ಬಿಸಿಲು ಬಿದ್ದ ಮ್ಯಾಲ ಮಗ್‌ಲಿಂದ ಹೊಂಡದ ಸುತ್ತ ಎರಚ್ತೀನಿ. 15 ದಿನಕ್ಕೊಮ್ಮೆ. ತಳದಾಗ ಉಳಿದ ಗಸಿ ಹೊಲಕ್ಕ ಹಾಕ್ರಿ, ಅದು ಬಹುಪಾಲು ಜಿಪ್ಸಂ. ಯೂರಿಯಾ 3 ಕೆಜಿ ಸಾಕು, ಅದೂ ಮಧ್ಯಾಹ್ನ ಪಿಎಚ್ 8.5 ದಾಟಿದ್ರ ಬ್ಯಾಡವೇ ಬ್ಯಾಡ, ಯಾಕಂದ್ರ ಯೂರಿಯಾದಿಂದ ಹುಟ್ಟೋ ಅಮೋನಿಯ ಪಿಎಚ್ ಏರಿದಂಗ ವಿಷ ಆಗ್ತೈತಿ. ಡಿಎಪಿ ಕಥಿನೂ ಅದ, ಅದ್ರಾಗೂ ಅಮೋನಿಯ ಐತಿ. ಭತ್ತಕ್ಕ ಹಾಕೋ ಕೈಯಾಗ ಹೊಂಡಕ್ಕ ಹಾಕಿದ್ರ ಮೀನಿನ ಕಿವಿರು ಸುಡ್ತಾವ. ಶಗಣಿ ಮರಿ ಬಿಡೋಕ್ ಮುಂಚೆ ಎಕರೆಗೆ ಒಂದ್ ಟನ್, ಆಮ್ಯಾಲ ನೀರಿನ ಬಣ್ಣ ನೋಡಿ.

ಬಣ್ಣ ನೋಡೋದು ಅಂದ್ರ ಕಣ್ಣಂದಾಜಲ್ಲ. ಹಳೇ ಸ್ಟೀಲ್ ಮುಚ್ಚಳಕ್ಕ ಕಪ್ಪು-ಬಿಳಿ ಪೇಂಟ್ ಹೊಡ್ದು, ಹಗ್ಗ ಕಟ್ಟಿ, 10 ಸೆಂಟಿಮೀಟರ್‌ಗೊಂದು ಗಂಟು ಹಾಕ್ರಿ. ನೀರಾಗ ಇಳಿಬಿಟ್ರ 30-40 ಸೆಂಟಿಮೀಟರ್‌ಗೆ ಕಾಣದಂಗ ಆಗ್ಬೇಕು. 20ಕ್ಕ ಮಾಯ ಆದ್ರ ಗೊಬ್ಬರ ಪೂರ್ತಿ ಬಂದ್, ಇಲ್ಲಾಂದ್ರ ಬೆಳಗಿನ ಜಾವ ಆಕ್ಸಿಜನ್ ಸಾಲದ ಮೀನು ಬಾಯಿ ತೆಗ್ಯಾಕ ಶುರು ಮಾಡ್ತಾವ. ಮೋಡ ಕವಿದ ವಾರನೂ ಬಂದ್. ಮಣ್ಣಿನ ಬಗ್ಗಡಕ್ಕೂ ಮುಚ್ಚಳ ಮಾಯ ಆಗ್ತೈತಿ, ಅದನ್ನ ಪಾಚಿ ಅಂತ ತಿಳ್ಕೊಂಡು ಕೂಡಬ್ಯಾಡ್ರಿ.

ಇನ್ನ ಝಿಂಕ್, ಕಬ್ಬಿಣ, ಮ್ಯಾಂಗನೀಸ್, ಅಯೋಡಿನ್, ಕೋಬಾಲ್ಟ್ ಇಂಥವು. ನಮ್ಮ ಭತ್ತಕ್ಕ ಝಿಂಕ್ ಕೊರತಿ ಬರೋದು ಎಲ್ಲಾರ್ಗೂ ಗೊತ್ತು, ಅದಕ್ಕ ಕೆಲವ್ರು ಝಿಂಕ್ ಸಲ್ಫೇಟ್ ತಂದು ಹೊಂಡಕ್ಕ ಸುರೀತಾರ. ಹಂಗ ಮಾಡಬ್ಯಾಡ್ರಿ, ಇಷ್ಟ್ ಪಿಎಚ್‌ನಾಗ ಅದು ನೀರಾಗ ನಿಲ್ಲಂಗಿಲ್ಲ. ಇವನ್ನೆಲ್ಲಾ ಮೀನಿಗೆ ಮೇವಿನ್ಯಾಗ ಕೊಡ್ಬೇಕು. ಕ್ಯಾಲ್ಸಿಯಂ ಮಾತ್ರ ಮೀನು ಕಿವಿರಿನಿಂದ ನೀರಿನ್ಯಾಗಿಂದ ಎಳ್ಕೊಂತೈತಿ, ರಂಜಕ ಹಂಗ ಸಾಕಾಗುವಷ್ಟು ಸಿಗಂಗಿಲ್ಲ.

ಆದ್ರ ನಾವು ಹಾಕೋದು ಏನು? ಮಿಲ್ಲಿನ ತೌಡು, ಶೇಂಗಾ ಹಿಂಡಿ. ತೌಡಿನ್ಯಾಗ ರಂಜಕ ಬೇಕಾದಷ್ಟು ಐತಿ, ಆದ್ರ ಬಹುಪಾಲು ಫೈಟೇಟ್ ಅನ್ನೋ ಬಿಗಿಯಾಗಿ ಕಟ್ಟಿಕೊಂಡ ರೂಪದಾಗ ಐತಿ, ಮೀನಿಗೆ ಅದನ್ನ ಬಿಡ್ಸೋ ಕಿಣ್ವ ಇಲ್ಲ, ಮ್ಯಾಲಿಂದ ಅದು ಝಿಂಕನ್ನೂ ಹಿಡ್ಕೊಂಡು ಹೊರಗ ಹೋಗ್ತೈತಿ. ಝಿಂಕ್ ಕಡಿಮಿ ಆದ್ರ ಕಣ್ಣಿಗೆ ಪೊರೆ, ರೆಕ್ಕಿ ಅಂಚು ಸವೀತಾವ, ರಂಜಕ ಕಡಿಮಿ ಆದ್ರ ಎಲುಬು ಸೊಟ್ಟ, ತಿಂದ್ರೂ ತೂಕ ಬರಂಗಿಲ್ಲ.

ಅದಕ್ಕ 100 ಕೆಜಿ ಮೇವಿಗೆ 1 ಕೆಜಿ ಮಿನರಲ್ ಮಿಕ್ಸ್ (ಖನಿಜದ ಪುಡಿ) ಬೆರಸ್ರಿ. ತರುವಾಗ ಚೀಲದ ಹಿಂದ ಬರ್ದಿದ್ದು ಓದ್ರಿ. ಕಾಟ್ಲಾ, ರೋಹು, ಗೆಂಡಿ ಮೀನಿಗೆ ನಮ್ಮಂಗ ಹುಳಿ ಸುರಿಯೋ ಜಠರ ಇಲ್ಲ, ಸೀದಾ ಕರುಳು, ಹಂಗಾಗಿ ಎಲುಬಿನ ಪುಡಿಯಾಗಿನ ರಂಜಕ ಅವಕ್ಕ ಕರಗಂಗಿಲ್ಲ, ನೀರಾಗ ಕರಗೋ ಮೋನೋ ಕ್ಯಾಲ್ಸಿಯಂ ಫಾಸ್ಫೇಟ್ ಇದ್ದದ್ದು ಚಲೋ. ಎಮ್ಮಿಗೆ ತಂದ ಪುಡಿನ ಮೀನಿಗೂ ಹಾಕಿದ್ರ ನಡೀತೈತಿ ಅನ್ನೋರದಾರ, ಅದ್ರಾಗ ಯಾವ ಫಾಸ್ಫೇಟ್ ಐತಿ ನೋಡಿ ಮಾತಾಡ್ರಿ. ಒಣ ತೌಡಿಗೆ ಹಂಗ ಬೆರಸಿದ್ರ ನೀರಿಗೆ ಬಿದ್ದ ಕೂಡ್ಲೆ ತೊಳ್ದು ಹೋಗ್ತೈತಿ, ಅದಕ್ಕ ನುಚ್ಚಿನ ಗಂಜಿ ಗಟ್ಟಿ ಕಾಸಿ, ಆರಿಸಿ, ಪುಡಿ ಗಂಜಿಗೆ ಕಲಸಿ ಆಮ್ಯಾಲ ಹಿಂಡಿ-ತೌಡಿಗೆ ನಾದ್ರಿ. ಮುಷ್ಟಿ ಹಿಡಿದ್ರ ಉಂಡಿ ನಿಲ್ಬೇಕು. ಅಷ್ಟ್ ಹದ ಬಂದ್ಮ್ಯಾಲ ತೂತು ಮಾಡಿದ ಚೀಲಕ್ಕ ತುಂಬಿ ಬೊಂಬಿಗೆ ಕಟ್ಟಿ ಇಳಿಬಿಡ್ರಿ.

ಬ್ಯಾಸಗಿಗೆ ಕಾಲುವಿ ಬಂದ್ ಆದಾಗ ಬೋರ್ ನೀರು ಬಿಡ್ತೀವಲ್ಲ, ಅದನ್ನ ಪೈಪಿನಿಂದ ಸೀದಾ ಹೊಂಡಕ್ಕ ಬಿಡಬ್ಯಾಡ್ರಿ. ಆಕ್ಸಿಜನ್ ಇರಂಗಿಲ್ಲ, ಕಬ್ಬಿಣ ಇದ್ರ ಗಾಳಿ ತಾಗಿದ ಕೂಡ್ಲೆ ತುಕ್ಕಿನ ಬಣ್ಣಕ್ಕ ತಿರುಗಿ ಕಿವಿರಿಗೆ ಮೆತ್ಕೊಂತೈತಿ. ನಾಕೈದು ಬಂಡಿ ಕಲ್ಲಿನ ಮ್ಯಾಲ ಹರಿಸಿ, ಕಾಲುವಿ ತೆಗ್ದು ದೂರದಿಂದ ಬಿಡ್ರಿ, ಕಲ್ಲು ಕೆಂಪಾದ್ರ ಕಬ್ಬಿಣ ಅಲ್ಲೇ ಬಿತ್ತು ಅಂತ. ಗದ್ದಿ ಬಸಿ ನೀರು ಮಾತ್ರ ಎಷ್ಟ್ ಬರ ಬಂದ್ರೂ ಬ್ಯಾಡ, ಭತ್ತಕ್ಕ ಹೊಡ್ದ ಎಣ್ಣಿ (ಕೀಟನಾಶಕ) ಎಲ್ಲಾ ಅದ್ರಾಗ ಇರ್ತೈತಿ.