ಹಳೇ ವೂಡೂ2 ಕಾರ್ಡ್ ಸತ್ತಿಲ್ಲ, ಸೂಜಿ ಹಿಡಿದು ನೋಡಿ

ಗೋಡೆ ಕಾಣಬೇಕಾದ ಕಡೆ ಬಣ್ಣಬಣ್ಣದ ಗೆರೆ, ನೆಲದ ತುಂಬ ಚುಕ್ಕಿ. ಹದಿನೈದು ವರ್ಷ ಅಟ್ಟದ ಮೇಲಿದ್ದ ನನ್ನ ವೂಡೂ2 ಗ್ರಾಫಿಕ್ಸ್ ಕಾರ್ಡ್ ಕೆಳಗಿಳಿದ ದಿನ ತೋರಿಸಿದ್ದು ಇಷ್ಟೇ. ಚಿಪ್ ಸುಟ್ಟಿದೆ, ಬಿಸಾಕಿ ಅಂದರು ನೋಡಿದವರೆಲ್ಲ. ಚಿಪ್ ಸುಟ್ಟಿರಲಿಲ್ಲ. ಅದರ ಒಂದೇ ಒಂದು ಪಿನ್ ಬೋರ್ಡಿನಿಂದ ಮೇಲೆದ್ದಿತ್ತು.

ವೂಡೂ2 ಬಂದಿದ್ದು 1998ರಲ್ಲಿ. ತಯಾರಿಸಿದ್ದು ಅಮೆರಿಕದ ತ್ರೀಡಿಎಫ್ಎಕ್ಸ್ ಕಂಪನಿ. 2000ದ ಡಿಸೆಂಬರ್‌ನಲ್ಲಿ ಅದು ತನ್ನ ಆಸ್ತಿಯನ್ನು ಎನ್ವಿಡಿಯಾಗೆ ಮಾರುವುದಾಗಿ ಹೇಳಿತು. ಇನ್ನು ಹೊಸ ವೂಡೂ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು, ಅದಕ್ಕೇ ಈ ಲೇಖನ.

ಬೇಕಾದದ್ದು ಜಾಸ್ತಿ ಏನಿಲ್ಲ. ಭೂತಗನ್ನಡಿ, ಟಾರ್ಚ್, ಹೊಲಿಗೆ ಸೂಜಿ, ಮಲ್ಟಿಮೀಟರ್, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್), ತೆಳ್ಳನೆಯ ಸೋಲ್ಡರ್ ತಂತಿ, ಐಸೊಪ್ರೊಪೈಲ್ ಆಲ್ಕೋಹಾಲ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಮೊದಲು ತೊಳೆಯಿರಿ

ಕಾರ್ಡ್ ಮುಟ್ಟುವ ಮುನ್ನ ಅರ್ತ್ ಆಗಿರುವ ಲೋಹ ಮುಟ್ಟಿ. ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಹಳೇ ಚಿಪ್‌ಗೆ ಕಂಟಕ. ಮೆತ್ತನೆಯ ಟೂತ್‌ಬ್ರಶ್‌ಗೆ ಆಲ್ಕೋಹಾಲ್ ಹಚ್ಚಿ ಧೂಳು ತೆಗೆಯಿರಿ. ಸ್ಲಾಟ್‌ಗೆ ಕೂರುವ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಪೂರ್ತಿ ಒಣಗಲಿ.

ಆಮೇಲೆ ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ, ದೊಡ್ಡ ಕ್ಯಾಪಾಸಿಟರ್‌ಗಳ ಎರಡೂ ತುದಿ ಮುಟ್ಟಿಸಿ. ಬೀಪ್ ನಿಲ್ಲದೇ ಬಂದರೆ ಎಲ್ಲೋ ಶಾರ್ಟ್ ಇದೆ. ಅಂಥ ಕಾರ್ಡನ್ನು ಸ್ಲಾಟ್‌ಗೆ ಹಾಕಬೇಡಿ, ಮದರ್‌ಬೋರ್ಡ್ ಕೂಡ ಹೋದೀತು.

ರೋಗ ಎಲ್ಲಿದೆ?

ವೂಡೂ2 ತ್ರೀಡಿ ಚಿತ್ರ ಮಾತ್ರ ಬರೆಯುತ್ತದೆ. ಮಾಮೂಲಿ ಪರದೆಗೆ ಬೇರೆ ಕಾರ್ಡ್ ಬೇಕು. ಆ ಕಾರ್ಡಿನಿಂದ ಒಂದು ಕೇಬಲ್ ವೂಡೂಗೆ ಬರುತ್ತದೆ, ಮಾನಿಟರ್ ವೂಡೂಗೆ ಸೇರುತ್ತದೆ. ಡೆಸ್ಕ್‌ಟಾಪ್ ಚಿತ್ರವೇ ಮಂಕಾಗಿದ್ದರೆ ಮಾನಿಟರನ್ನು ನೇರವಾಗಿ ಮೊದಲ ಕಾರ್ಡಿಗೆ ಹಾಕಿ ನೋಡಿ. ಅಲ್ಲಿ ಸರಿಯಿದ್ದರೆ ಮೊದಲು ಕೇಬಲ್ ಬದಲಿಸಿ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಕಾರ್ಡಿನಲ್ಲಿ ಮೂರು ದೊಡ್ಡ ಚಿಪ್ ಇವೆ. ಒಂದು ಪರದೆಯ ಚಿತ್ರ ಕೂಡಿಸುತ್ತದೆ, ಇನ್ನೆರಡು ಗೋಡೆ-ನೆಲಗಳ ಮೇಲಿನ ಚಿತ್ತಾರ, ಅಂದರೆ ಟೆಕ್ಸ್‌ಚರ್, ಅಂಟಿಸುತ್ತವೆ. 12 ಎಂಬಿ ಕಾರ್ಡ್ ಆದರೆ ಮೂರಕ್ಕೂ ತಲಾ 4 ಎಂಬಿ ಮೆಮೊರಿ. ತ್ರೀಡಿಎಫ್ಎಕ್ಸ್ ಕಾಲದ ಮೋಜೊ ಅನ್ನುವ ಪುಟ್ಟ ಪ್ರೋಗ್ರಾಂ ಓಡಿಸಿದರೆ ಈ ಲೆಕ್ಕ ತೋರಿಸುತ್ತದೆ. ಒಂದು ಟೆಕ್ಸ್‌ಚರ್ ಚಿಪ್ ಲೆಕ್ಕಕ್ಕೇ ಬರದಿದ್ದರೆ ಅದರ ಸುತ್ತ ಹುಡುಕಿ. ನನ್ನದರಲ್ಲಿ ಲೆಕ್ಕ ಸರಿಯಿತ್ತು, ಚಿತ್ತಾರ ಮಾತ್ರ ಕೆಟ್ಟಿತ್ತು. ಹಾಗಾಗಿ ಟೆಕ್ಸ್‌ಚರ್ ಚಿಪ್‌ಗಳ ಮೇಲೇ ಅನುಮಾನ ಬಂತು.

ಈಗ ಕಂಪ್ಯೂಟರ್ ಆಫ್ ಮಾಡಿ, ಕಾರ್ಡ್ ಹೊರತೆಗೆದು ಮೇಜಿನ ಮೇಲಿಡಿ. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಪಕ್ಕದಿಂದ ಬೋರ್ಡಿನ ಮಟ್ಟಕ್ಕೇ ಹಿಡಿಯಿರಿ. ಚಿಪ್ ಸುತ್ತ ಪಿನ್‌ಗಳು ಸುಮಾರು ಅರ್ಧ ಮಿಲಿಮೀಟರ್‌ಗೊಂದರಂತೆ ಸಾಲಾಗಿ ನಿಂತಿರುತ್ತವೆ. ಸರಿಯಾದ ಪಿನ್‌ನ ಪಾದದಲ್ಲಿ ಸೋಲ್ಡರ್ ಮಿನುಗುತ್ತದೆ. ಎದ್ದ ಪಿನ್‌ನ ಕೆಳಗೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಕಣ್ಣಿಗೆ ಬೀಳದಿದ್ದರೆ ಸೂಜಿ ತಗೊಳ್ಳಿ. ಒಂದೊಂದೇ ಪಿನ್‌ಗೆ ಪಕ್ಕದಿಂದ ತಾಗಿಸುತ್ತಾ ಹೋಗಿ. ಒತ್ತಬೇಡಿ, ಸುಮ್ನೆ ತಾಗಿಸಿ. ಗಟ್ಟಿಯಿದ್ದದ್ದು ಅಲ್ಲಾಡುವುದಿಲ್ಲ, ಬಿಟ್ಟಿದ್ದು ತಕ್ಷಣ ಅಲ್ಲಾಡುತ್ತದೆ. ಒಂದು ಚಿಪ್‌ಗೆ ಅರ್ಧ ಗಂಟೆ ಹಿಡಿದರೂ ಅವಸರ ಬೇಡ. ನನ್ನ ಕಾರ್ಡಿನ ತಪ್ಪಿತಸ್ಥ ಪಿನ್ ಮೂಲೆಯಿಂದ ಮೂರನೆಯದು. ಡಬ್ಬದಲ್ಲಿ ಬೇರೆ ಕಾರ್ಡುಗಳು ಅದರ ಮೇಲೆ ಬಿದ್ದಿದ್ದವು.

ಬೆಸುಗೆ

ಮೊದಲ ಸಲವಾದರೆ ಕೆಟ್ಟುಹೋದ ಹಳೇ ಮೋಡೆಮ್ ಕಾರ್ಡ್ ಮೇಲೆ ಕೈ ಪಳಗಿಸಿ. ಕಿಟಕಿ ತೆರೆದಿರಲಿ. ಆ ಕಾಲದ ಕಾರ್ಡಿಗೆ ಸೀಸ ಇರುವ 60/40 (60 ಪಾಲು ತವರ, 40 ಪಾಲು ಸೀಸ) ಸೋಲ್ಡರ್ ಚೆನ್ನಾಗಿ ಹೊಂದುತ್ತದೆ. ಐರನ್ 320ರಿಂದ 350 ಡಿಗ್ರಿ ಸೆಲ್ಸಿಯಸ್ ಸಾಕು. ಪಿನ್ ಮೇಲೆ ಫ್ಲಕ್ಸ್ ಹಚ್ಚಿ, ಮೊನೆಗೆ ಚೂರೇ ಚೂರು ಸೋಲ್ಡರ್ ಹಿಡಿಸಿ. ಸೂಜಿಯಿಂದ ಪಿನ್ ಒತ್ತಿಟ್ಟು ಎರಡು ಸೆಕೆಂಡ್ ಮೊನೆ ತಾಗಿಸಿ ತೆಗೆಯಿರಿ. ಸೋಲ್ಡರ್ ಗಟ್ಟಿಯಾಗುವ ತನಕ ಸೂಜಿ ಬಿಡಬೇಡಿ. ಪಕ್ಕದ ಪಿನ್‌ಗೂ ಅಂಟಿಕೊಂಡರೆ ಗಾಬರಿ ಬೇಡ. ಇನ್ನಷ್ಟು ಫ್ಲಕ್ಸ್ ಹಚ್ಚಿ, ಹೆಣೆದ ತಾಮ್ರದ ವಿಕ್ ಇಟ್ಟು ಬಿಸಿ ಮಾಡಿದರೆ ಹೆಚ್ಚಿನದನ್ನು ಅದೇ ಹೀರುತ್ತದೆ. ಕೊನೆಗೆ ಆಲ್ಕೋಹಾಲ್‌ನಿಂದ ಒರೆಸಿ, ಕೈ ಸೋಪು ಹಾಕಿ ತೊಳೆದುಕೊಳ್ಳಿ.

ಕೆಲವರು ಇಡೀ ಕಾರ್ಡನ್ನು ಓವನ್‌ನಲ್ಲಿ ಬೇಯಿಸಿ ಅನ್ನುತ್ತಾರೆ. ದಯವಿಟ್ಟು ಬೇಡ. ಪ್ಲಾಸ್ಟಿಕ್ ಕರಗುತ್ತದೆ, ಕ್ಯಾಪಾಸಿಟರ್ ಕೆಡುತ್ತದೆ. ಅಡುಗೆ ಮಾಡುವ ಓವನ್‌ನಲ್ಲಂತೂ ವಿಷದ ಹೊಗೆ ಉಳಿಯುತ್ತದೆ.

ಕಾರ್ಡನ್ನು ವಾಪಸ್ ಹಾಕಿ ಅರ್ಧ ಗಂಟೆ ಯಾವುದಾದರೂ ತ್ರೀಡಿ ಆಟ ಓಡಿಸಿ. ಬಿಸಿಯಾದ ಮೇಲೂ ಚಿತ್ರ ಕೆಡಬಾರದು. ಸಾಮಾನ್ಯವಾಗಿ ವೂಡೂ2 ಚಿಪ್‌ಗಳ ಮೇಲೆ ಹೀಟ್‌ಸಿಂಕ್, ಅಂದರೆ ಬಿಸಿ ಹೊರಹಾಕುವ ಲೋಹದ ತುಂಡು, ಇರುವುದಿಲ್ಲ, ಚೆನ್ನಾಗಿಯೇ ಕಾಯುತ್ತವೆ. ಪಕ್ಕದಲ್ಲೊಂದು ಸಣ್ಣ ಫ್ಯಾನ್ ಇಟ್ಟರೆ ಒಳ್ಳೆಯದು. ನಾನೂ ಇಟ್ಟಿದ್ದೇನೆ. ಆ ದಿನ ಗೆರೆಗಳೆಲ್ಲ ಹೋಗಿ, ಗೋಡೆಯ ಇಟ್ಟಿಗೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ಆಟ ಆಡುವುದನ್ನು ಬಿಟ್ಟು ತುಂಬಾ ಹೊತ್ತು ಆ ಗೋಡೆಯನ್ನೇ ನೋಡುತ್ತಾ ಕುಳಿತಿದ್ದೆ.